ಡ್ರೈವರ್ ಸಿಗುತ್ತಿಲ್ಲ ಎನ್ನುವವರಿಗೆ ಒಬ್ಬ ಡ್ರೈವರ್ ಕಾಗದ

ಮಾನ್ಯ ಸಂಪಾದಕರೇ,

ಲಾರಿ ಓಡಿಸಲು ಡ್ರೈವರ್‌ಗಳೇ ಸಿಗುತ್ತಿಲ್ಲ, ಹೊಸ ಹುಡುಗರು ಈ ಕೆಲಸಕ್ಕೆ ಬರುತ್ತಿಲ್ಲ, ಗಾಡಿಗಳು ಶೆಡ್ಡಿನಲ್ಲೇ ನಿಂತಿವೆ ಎಂದು ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಅದರಲ್ಲಿ ಓನರ್‌ಗಳ ಮಾತು ಇತ್ತು. ಟ್ರಾನ್ಸ್‌ಪೋರ್ಟ್ ಕಂಪನಿಯವರ ಮಾತು ಇತ್ತು. ಡ್ರೈವರ್ ಮಾತು ಒಂದೂ ಇರಲಿಲ್ಲ. ಅದಕ್ಕೇ ಈ ಕಾಗದ. ಉದ್ದವಾಯಿತು ಅನಿಸಿದರೆ ಬೇಡದ್ದನ್ನು ತೆಗೆಯಿರಿ. ಡೀಸೆಲ್ ಲೆಕ್ಕ ಬರೆದ ಭಾಗ ಮಾತ್ರ ಬಿಡಬೇಡಿ.

ಡ್ರೈವರ್‌ಗಳಿಗೆ ಬರ ಬಂದಿಲ್ಲ. ಹೆವಿ ಲೈಸೆನ್ಸ್ ಜೇಬಲ್ಲಿಟ್ಟುಕೊಂಡು ಊರಲ್ಲಿ ಟ್ರ್ಯಾಕ್ಟರ್ ಓಡಿಸುವವರು, ಶಾಲೆ ಬಸ್ ಓಡಿಸುವವರು, ಬೆಂಗಳೂರಲ್ಲಿ ಕ್ಯಾಬ್ ಓಡಿಸುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಲಾರಿ ಬೇಡ ಅಂತಲ್ಲ. ಟ್ರಿಪ್ ಮುಗಿಸಿ ಬಂದ ಮೇಲೆ ಆಫೀಸಿನಲ್ಲಿ ಆಗುತ್ತದಲ್ಲ ಲೆಕ್ಕ, ಅದು ಬೇಡ. ರಸ್ತೆಯಲ್ಲಿ ಆಗುವ ನಷ್ಟ ಯಾರ ತಲೆಗೆ ಬೀಳುತ್ತದೆ? ಓನರ್ ಒಳ್ಳೆಯವನೋ ಅಲ್ಲವೋ ಎಂದು ಗೊತ್ತಾಗುವುದು ಅಲ್ಲಿ. ಸಂಬಳ ಎಷ್ಟು ಅನ್ನುವುದು ಆಮೇಲಿನ ಮಾತು.

ನಾನು ಕೂಡ್ಲಿಗಿ ಕಡೆಯವನು. ಶಾಲೆ ಬಿಟ್ಟು ಕ್ಲೀನರ್ ಆಗಿ ಗಾಡಿ ಹತ್ತಿದೆ. ಸ್ಟೇರಿಂಗ್ ಕೈಗೆ ಬಂದಾಗ ಅದಿರಿನ ಕಾಲ. ಚೀನಾಕ್ಕೆ ಕಬ್ಬಿಣದ ಅದಿರು ಹೋಗುತ್ತಿದ್ದ ದಿನಗಳು. ಸಂಡೂರಿನಲ್ಲಿ ತುಂಬಿಕೊಂಡು ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಾಟಿ ಇಳಿದು, ಬೇಲೇಕೇರಿ ಬಂದರಿಗೋ ಕಾರವಾರ ಬಂದರಿಗೋ ಹಾಕಿ ಬರಬೇಕು. ಮೈ, ಮುಖ, ಅನ್ನದ ತಟ್ಟೆ ಎಲ್ಲ ಕೆಂಪು. ಆಗ ಯಾರೂ ಒಳ್ಳೆ ಓನರ್ ಹುಡುಕುತ್ತಿರಲಿಲ್ಲ. ಗಾಡಿ ಇದ್ದವನು ಓನರ್, ಅಷ್ಟೇ. ತಿಂಗಳ ಸಂಬಳ ಅಂತ ಇರಲಿಲ್ಲ, ಟ್ರಿಪ್ಪಿಗೆ ಇಷ್ಟು ಅಂತ. ಜಾಸ್ತಿ ಟ್ರಿಪ್ ಹೊಡೆದವನಿಗೆ ಜಾಸ್ತಿ ದುಡ್ಡು. ಹಾಗಾಗಿ ಯಾರೂ ನಿದ್ದೆ ಮಾಡುತ್ತಿರಲಿಲ್ಲ. ಅರಬೈಲಿನಲ್ಲಿ ಬಿದ್ದ ಗಾಡಿಗಳನ್ನು ನೋಡುತ್ತಲೇ ಪಕ್ಕದಲ್ಲಿ ಹಾದು ಹೋಗುತ್ತಿದ್ದೆವು. ಟನ್ ಲೆಕ್ಕವನ್ನು ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ.

2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಹೊಸಪೇಟೆ ಸುತ್ತ ಸಾಲುಸಾಲು ಲಾರಿಗಳು ನಿಂತವು. ಫೈನಾನ್ಸಿನವರು ಬಂದು ಎಳೆದುಕೊಂಡು ಹೋದರು. ಕೋರ್ಟು ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆ ಗುಡ್ಡಗಳ ಗತಿ ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಓನರ್ ಯಾರು ಎಂಥವನು ಅಂತ ನಮಗೆ ಗೊತ್ತಾಗಿದ್ದು ಆಗಲೇ. ಕೆಲವರು ಮನೆಯ ಒಡವೆ ಮಾರಿ ಡ್ರೈವರ್ ಬಾಕಿ ಕೊಟ್ಟರು. ಹಾಗೆ ಮಾಡಿದವರು ನಿಜವಾಗಿ ಇದ್ದರು. ಇನ್ನು ಕೆಲವರು ಫೋನ್ ನಂಬರ್ ಬದಲಾಯಿಸಿದರು. ನನ್ನ ಬಾಕಿ ಇದ್ದದ್ದು ಎರಡನೇ ಜಾತಿಯವರ ಹತ್ತಿರ. ಕೇಳೋಣ ಅಂದರೆ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಟ್ರಿಪ್ ಶೀಟ್ ಓನರ್ ಹತ್ತಿರ, ಲೆಕ್ಕದ ಪುಸ್ತಕ ಓನರ್ ಹತ್ತಿರ. ನಮ್ಮ ಹತ್ತಿರ ಇದ್ದದ್ದು ಕೆಂಪು ಅಂಗಿ.

ಆಮೇಲೆ ಎಲ್ಲರ ಹಾಗೆ ಬೆಂಗಳೂರು ಹಿಡಿದೆ. ಪೀಣ್ಯ, ನೆಲಮಂಗಲ, ದಾಬಸ್‌ಪೇಟೆ. ಹನ್ನೆರಡು ಗಾಲಿ ಗಾಡಿಯಲ್ಲಿ ಮುಂಬೈ ಲೈನು. ಅಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಕೆಲಸ ಮಾಡಿದೆ. ಹೆಸರು ಬರೆಯುವುದಿಲ್ಲ, ಅವರೊಬ್ಬರೇ ಹಾಗೆ ಮಾಡುತ್ತಿರಲಿಲ್ಲ. ಸೇರುವಾಗ ಚೆನ್ನಾಗಿಯೇ ಮಾತಾಡಿದರು. ತಿಂಗಳಿಗೆ 18 ಸಾವಿರ, ದಿನಕ್ಕೆ 500 ರೂಪಾಯಿ ಬಾಟಾ, ಅಂದರೆ ದಾರಿ ಖರ್ಚಿನ ಭತ್ಯೆ. ಒರಿಜಿನಲ್ ಲೈಸೆನ್ಸ್ ತೆಗೆದುಕೊಂಡು ಬೀರುವಿನಲ್ಲಿಟ್ಟರು. ‘ಸುಮ್ನೆ ಇರಲಿ, ಸೇಫ್ ಆಗಿರುತ್ತೆ’ ಎಂದರು. ಮನೆ ಖರ್ಚಿಗೆ ಅಂತ ಅಡ್ವಾನ್ಸ್ ಬೇಕಾ ಎಂದು ಅವರೇ ಕೇಳಿದರು. ಕೇಳದೆ ಅಡ್ವಾನ್ಸ್ ಕೊಡುವ ಓನರ್‌ನ ಕಂಡರೆ ಈಗ ನಾನು ಎರಡು ಹೆಜ್ಜೆ ಹಿಂದೆ ಇಡುತ್ತೇನೆ. ಅಡ್ವಾನ್ಸ್ ತೀರುವವರೆಗೆ ನೀವು ಬಿಡುವ ಹಾಗಿಲ್ಲ. ಅದು ತೀರದ ಹಾಗೆ ನೋಡಿಕೊಳ್ಳುವುದು ಅವರ ಕೆಲಸ.

ಅದು ಹೇಗೆ ತೀರುವುದಿಲ್ಲ? ಡೀಸೆಲ್ ಲೆಕ್ಕ ಹೇಳುತ್ತೇನೆ ಕೇಳಿ. ಬೆಂಗಳೂರಿಂದ ಮುಂಬೈ ಪಕ್ಕದ ಭಿವಂಡಿಗೆ ಸುಮಾರು ಸಾವಿರ ಕಿಲೋಮೀಟರ್. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡಬೇಕು ಎಂದು ಆಫೀಸಿನಲ್ಲಿ ಬರೆದಿಟ್ಟಿದ್ದಾರೆ. ಅಂದರೆ 250 ಲೀಟರ್. ಆದರೆ ಗಾಡಿ ಪೂರ್ತಿ ಲೋಡು. ಸತಾರಾ ದಾಟಿದ ಮೇಲೆ ಖಂಬಾಟ್ಕಿ ಘಾಟಿ, ಆಮೇಲೆ ಕಾತ್ರಜ್, ಖಂಡಾಲಾ. ಮಧ್ಯೆ ಪುಣೆಯ ಟ್ರಾಫಿಕ್. ಎಂಜಿನ್ ಹಳೆಯದು, ಏರ್ ಫಿಲ್ಟರ್ ಬದಲಾಯಿಸಿ ಅಂದರೆ ಮುಂದಿನ ತಿಂಗಳು ಅನ್ನುತ್ತಾರೆ. ಗಾಡಿ ಕೊಡುವುದು 3.6. ಆಗ 278 ಲೀಟರ್ ಬೇಕು. 28 ಲೀಟರ್ ಜಾಸ್ತಿ. ಲೀಟರಿಗೆ 91 ರೂಪಾಯಿ ಅಂದರೆ ಎರಡೂವರೆ ಸಾವಿರ. ಅದು ಡ್ರೈವರ್ ಖಾತೆಗೆ, ಅಂದರೆ ಅವನ ದುಡ್ಡಿನಲ್ಲಿ ಕಡಿತ. ಹೋಗುವುದಕ್ಕೆ ಹಿಡಿದದ್ದು ಮೂರು ದಿನ, ಬಾಟಾ 1500. ಬಾಟಾ ಪೂರ್ತಿ ಹೋಗಿ ಇನ್ನೂ ಸಾವಿರ ರೂಪಾಯಿ ನಾನೇ ಕೊಡಬೇಕು. ಸಾವಿರ ಕಿಲೋಮೀಟರ್ ಓಡಿಸಿದ್ದಕ್ಕೆ!

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಡೀಸೆಲ್ ಕದಿಯುವ ಡ್ರೈವರ್‌ಗಳು ಇದ್ದಾರೆ. ಹೈವೇ ಪಕ್ಕ ಕ್ಯಾನ್ ಹಿಡಿದು ಕೂತ ಗಿರಾಕಿಗಳೂ ಇದ್ದಾರೆ. ಓನರ್‌ಗೆ ಅನುಮಾನ ಬರುವುದು ತಪ್ಪಲ್ಲ. ಆದರೆ ಲೆಕ್ಕ ಹೀಗೆ ಕಟ್ಟಿದರೆ ಕದಿಯದೇ ಇರುವವನೂ ಕಳ್ಳನಾಗುತ್ತಾನೆ, ಇಲ್ಲ ಕೆಲಸ ಬಿಡುತ್ತಾನೆ. ಅಲ್ವಾ?

ಡೀಸೆಲ್ ಒಂದೇ ಅಲ್ಲ. ಮಳೆಗೆ ಮೂಟೆ ನೆನೆದರೆ ಡ್ರೈವರ್ ಖಾತೆ. ತಾಡಪಾಲು ತೂತಾಗಿತ್ತು ಅಂತ ಹೊರಡುವ ಮುಂಚೆಯೇ ಹೇಳಿದ್ದರೂ ಡ್ರೈವರ್ ಖಾತೆ. ಇಳಿಸುವಾಗ ಎರಡು ಚೀಲ ಕಮ್ಮಿ ಬಂದರೆ ಎಲ್‌ಆರ್ (ಮಾಲಿನ ರಸೀದಿ) ಮೇಲೆ ಶಾರ್ಟೇಜ್ ಅಂತ ಬರೆದು ಕೊಡುತ್ತಾರೆ, ಅದೂ ಡ್ರೈವರ್ ಖಾತೆ. ತುಂಬುವಾಗ ಎಣಿಸಲು ಒಳಗೆ ಬಿಟ್ಟಿದ್ದರಾ? ಇಲ್ಲ. ಗೇಟಿನ ಹೊರಗೆ ನಿಲ್ಲಿಸಿದ್ದರು. ಟೈರ್ ಒಡೆದರೆ ಅರ್ಧ ಡ್ರೈವರ್ ಖಾತೆ. ಆ ಟೈರಿಗೆ ಅದಾಗಲೇ ಎರಡು ಸಲ ರೀಟ್ರೆಡ್ (ಸವೆದ ಮೇಲೆ ಹೊಸ ರಬ್ಬರ್ ಕೂರಿಸುವುದು) ಆಗಿತ್ತು.

ಓವರ್‌ಲೋಡ್ ವಿಷಯ ಇನ್ನೂ ಚೆಂದ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಾದ ಮೇಲೆ ಓವರ್‌ಲೋಡ್‌ಗೆ 20 ಸಾವಿರ ರೂಪಾಯಿ ದಂಡ, ಅದರ ಮೇಲೆ ಹೆಚ್ಚಿದ ಪ್ರತಿ ಟನ್ನಿಗೆ ಎರಡು ಸಾವಿರ. ಜಾಸ್ತಿ ಮಾಲು ಇಳಿಸದೆ ಗಾಡಿ ಮುಂದೆ ಹೋಗುವ ಹಾಗಿಲ್ಲ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಹಚ್ಚಿದವನೂ ತಪ್ಪಿತಸ್ಥ ಎಂದು 194ನೇ ಸೆಕ್ಷನ್ ಹೇಳುತ್ತದೆ. ತುಂಬಿಸಿದ್ದು ಮಾಲು ಕಳಿಸುವ ಪಾರ್ಟಿ, ಬಾಡಿಗೆ ತಿಂದದ್ದು ಓನರ್, ಕಮಿಷನ್ ತಿಂದದ್ದು ಬ್ರೋಕರ್. ಇಬ್ಬನಿಯಲ್ಲಿ ಚೆಕ್‌ಪೋಸ್ಟ್ ಮುಂದೆ ಕೈಕಟ್ಟಿ ನಿಂತವನು ಡ್ರೈವರ್. ‘ನೀನೇ ಹೇಗಾದರೂ ಮಾತಾಡಿಕೊಂಡು ಬಾ’ ಎಂದು ಫೋನ್ ಇಡುವ ಓನರ್‌ಗಳು ಎಷ್ಟು ಜನ ಬೇಕು ನಿಮಗೆ?

ಇನ್ನು ಕಾಯುವುದು. ದೊಡ್ಡ ಕಾರ್ಖಾನೆಗಳ ಗೇಟಿನ ಮುಂದೆ ಎರಡು ದಿನ, ಮೂರು ದಿನ ಗಾಡಿ ನಿಲ್ಲುತ್ತದೆ. ಟೋಕನ್ ಕೊಟ್ಟು ಕೂರಿಸುತ್ತಾರೆ. ಕಕ್ಕಸು ಇಲ್ಲ, ಸ್ನಾನಕ್ಕೆ ನೀರಿಲ್ಲ, ನೆರಳಿಲ್ಲ. ಗಾಡಿ ಬಿಟ್ಟು ಊಟಕ್ಕೆ ಹೋದರೆ ಬ್ಯಾಟರಿ ಇರುವುದಿಲ್ಲ. ಕಾದದ್ದಕ್ಕೆ ಹಾಲ್ಟಿಂಗ್ ಚಾರ್ಜ್ ಅಂತ ಪಾರ್ಟಿ ಓನರ್‌ಗೆ ಕೊಡುತ್ತದೆ. ಅದರಲ್ಲಿ ಡ್ರೈವರ್‌ಗೆ ಎಷ್ಟು? ಬಹಳ ಕಡೆ ಏನೂ ಇಲ್ಲ. ‘ಗಾಡಿ ಓಡಿಲ್ಲವಲ್ಲ, ನೀನು ಮಲಗಿದ್ದೆಯಲ್ಲ’ ಅನ್ನುತ್ತಾರೆ.

ಇಷ್ಟೆಲ್ಲ ಬರೆದ ಮೇಲೆ, ಹಾಗಾದರೆ ಯಾಕಪ್ಪಾ ಇನ್ನೂ ಲಾರಿಯಲ್ಲೇ ಇದ್ದೀಯಾ ಎಂದು ಕೇಳಬಹುದು. ನನಗೆ ಈ ಕೆಲಸ ಇಷ್ಟ. ನಿಜ ಹೇಳುತ್ತಿದ್ದೇನೆ. ಪೂರ್ತಿ ಲೋಡಿನಲ್ಲಿ ಶಿರಾಡಿ ಇಳಿಯುವಾಗ ಬ್ರೇಕಿಗೆ ಜಾಸ್ತಿ ಕಾಲಿಡದೆ, ಗೇರಿನಲ್ಲೇ ಗಾಡಿ ಹಿಡಿದು ಗುಂಡ್ಯದವರೆಗೆ ತರುವುದು ಒಂದು ವಿದ್ಯೆ. ಅದು ಯಾವ ಸ್ಕೂಲಲ್ಲೂ ಬರುವುದಿಲ್ಲ. ಯಶವಂತಪುರದ ಕಿರಿದಾದ ಗೋಡೌನ್ ಬಾಗಿಲಿಗೆ ಉದ್ದನೆಯ ಗಾಡಿಯನ್ನು ಒಂದೇ ಸಲಕ್ಕೆ ರಿವರ್ಸ್ ಹಾಕಿ ನಿಲ್ಲಿಸಿದಾಗ ಹಮಾಲರು ತಲೆ ಆಡಿಸುತ್ತಾರೆ. ಆ ತಲೆ ಆಡಿಸುವುದಕ್ಕೆ ಬೆಲೆ ಇದೆ. ಬ್ಯಾಡಗಿ ಮೆಣಸಿನಕಾಯಿ ಲೋಡಾದರೆ ಮೊದಲ ಐವತ್ತು ಕಿಲೋಮೀಟರ್ ಸೀನು, ಆಮೇಲೆ ಅದೇ ವಾಸನೆ ಹಿತ ಅನಿಸುತ್ತದೆ. ತಾಡಪಾಲು ಎಳೆದು ಹಗ್ಗ ಬಿಗಿದು ಗಂಟು ಹಾಕಿದ ಲೋಡು ಕಲ್ಲಿನ ಹಾಗೆ ಕೂತಿದ್ದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ತಲೆ ಮೇಲೆ ಕೂತು ಬೈಯುವ ಸೂಪರ್‌ವೈಸರ್ ಇಲ್ಲ. ಕೆಲಸ ಕೆಟ್ಟದ್ದಲ್ಲ ಸ್ವಾಮಿ. ಕೆಲಸ ಕೊಡುವ ರೀತಿ ಕೆಟ್ಟಿದೆ.

ಈಗ ನಾನು ಇರುವುದು ಚಿತ್ರದುರ್ಗ ಕಡೆಯ ಒಬ್ಬ ಓನರ್ ಹತ್ತಿರ. ಸಣ್ಣ ಓನರ್. ಕೈಬೆರಳಲ್ಲಿ ಎಣಿಸುವಷ್ಟು ಗಾಡಿಗಳು. ಇವರು ನನಗೆ ಪೇಪರಿನ ಜಾಹೀರಾತಿನಲ್ಲಿ ಸಿಗಲಿಲ್ಲ, ಬ್ರೋಕರ್ ಕಡೆಯಿಂದಲೂ ಸಿಗಲಿಲ್ಲ. ಹಿರಿಯೂರು ಬೈಪಾಸಿನ ಒಬ್ಬ ಟೈರ್ ಅಂಗಡಿಯವರು ಹೇಳಿದರು. ‘ಅವರ ಗಾಡಿ ಸ್ಟೆಪ್ನಿ ನೋಡಿದ್ದೀಯಾ? ಹೊಸದು. ಅವರ ಡ್ರೈವರ್‌ಗಳು ವರ್ಷಗಟ್ಟಲೆ ಅವರೇ ಇದ್ದಾರೆ’ ಎಂದರು. ನನಗೆ ಅಷ್ಟು ಸಾಕಾಯಿತು. ಪಂಕ್ಚರ್ ಅಂಗಡಿ, ಪೆಟ್ರೋಲ್ ಬಂಕ್, ಪಾಟಾ (ಸ್ಪ್ರಿಂಗ್ ಪಟ್ಟಿ) ಕಟ್ಟುವ ಗ್ಯಾರೇಜು, ಈ ಮೂರು ಕಡೆ ಕೇಳಿದರೆ ಯಾವ ಓನರ್ ಹೇಗೆ ಅಂತ ಸಿಗುತ್ತದೆ. ಬಾಕಿ ಇಟ್ಟವನು ಯಾರು, ಡ್ರೈವರ್ ಮೇಲೆ ಕೈ ಮಾಡಿದವನು ಯಾರು, ಎಲ್ಲ ಅವರಿಗೆ ಗೊತ್ತು.

ಇವರ ಪದ್ಧತಿ ಹೀಗಿದೆ. ಗಾಡಿ ವಾಪಸ್ ಬಂದ ದಿನವೇ ಲೆಕ್ಕ. ಟ್ರಿಪ್ ಶೀಟಿನ ಫೋಟೋ ನನ್ನ ಮೊಬೈಲಿನಲ್ಲೂ ಇರುತ್ತದೆ, ಅವರ ಮೊಬೈಲಿನಲ್ಲೂ ಇರುತ್ತದೆ. ಫಾಸ್ಟ್ಯಾಗ್ ರೀಚಾರ್ಜ್ ಅವರದೇ, ರಾತ್ರಿ ಟೋಲಿನಲ್ಲಿ ದುಡ್ಡಿಲ್ಲದೆ ನಿಂತು ಬೈಸಿಕೊಳ್ಳುವ ಮಾತಿಲ್ಲ. ಡೀಸೆಲ್ಲಿಗೆ ಟ್ರಿಪ್ಪಿನ ಲೆಕ್ಕ ಇಲ್ಲ, ತಿಂಗಳ ಸರಾಸರಿ ನೋಡುತ್ತಾರೆ. ಘಾಟಿ ಲೈನಿಗೆ ಬೇರೆ ಲೆಕ್ಕ, ಬಯಲು ಸೀಮೆಗೆ ಬೇರೆ. ಜಿಪಿಎಸ್ ಹಾಕಿದ್ದಾರೆ. ನನಗೆ ಅದರಿಂದ ಬೇಜಾರಿಲ್ಲ. ಗೇಟಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಅಂತ ಅದೇ ಸಾಕ್ಷಿ ಹೇಳುತ್ತದೆ. ಒಂದು ದಿನ ದಾಟಿ ನಿಂತರೆ ಹಾಲ್ಟಿಂಗ್ ದುಡ್ಡಿನಲ್ಲಿ ನನಗೂ ಪಾಲು. ಸ್ಪೀಡಿನ ದಂಡ, ಸಿಗ್ನಲ್ ದಂಡ ನನ್ನದು. ಓವರ್‌ಲೋಡ್, ಎಫ್‌ಸಿ (ಗಾಡಿಯ ಫಿಟ್ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಪರ್ಮಿಟ್ ವಿಷಯದ ದಂಡ ಅವರದು. ಇದರಲ್ಲಿ ಯಾರಿಗೂ ತಕರಾರಿಲ್ಲ. ಮೊದಲೇ ಮಾತಾಗಿದೆ.

ರಾತ್ರಿ ಹನ್ನೆರಡರಿಂದ ಐದರವರೆಗೆ ಗಾಡಿ ನಿಲ್ಲಿಸು ಅನ್ನುತ್ತಾರೆ. ಮೊದಮೊದಲು ನನಗೆ ನಂಬಿಕೆ ಬರಲಿಲ್ಲ. ಈ ಮನುಷ್ಯ ಹಿಂದೆ ತಾನೇ ಗಾಡಿ ಓಡಿಸಿದವರು, ಬೆಳಗಿನ ಜಾವ ಮೂರು ಗಂಟೆಗೆ ಕಣ್ಣು ಬಿಟ್ಟುಕೊಂಡೇ ನಿದ್ದೆ ಬರುತ್ತದೆ ಅಂತ ಅವರಿಗೆ ಗೊತ್ತು. ಎಸಿ ರೂಮಿನಲ್ಲಿ ಕೂತು ‘ಎಲ್ಲಿದ್ದೀಯಾ, ಇನ್ನೂ ಅಲ್ಲೇ ಇದ್ದೀಯಾ’ ಅಂತ ಗಂಟೆಗೊಂದು ಫೋನ್ ಮಾಡುವವರಿಗೆ ಇದು ಗೊತ್ತಾಗುವುದಿಲ್ಲ.

ಇವರೇನು ದೇವರಲ್ಲ. ಬೈಯುತ್ತಾರೆ, ಅದೂ ಜೋರಾಗಿ. ಸಂಬಳ ಬೆಂಗಳೂರಿನ ಕಂಪನಿಗಳಿಗಿಂತ ಸ್ವಲ್ಪ ಕಮ್ಮಿಯೇ. ಪಿಎಫ್ ಇಲ್ಲ. 20 ಜನ ಕೆಲಸಗಾರರು ಇದ್ದರೆ ಮಾತ್ರ ಪಿಎಫ್ ಕಡ್ಡಾಯ, ಇವರ ಹತ್ತಿರ ಅಷ್ಟು ಜನ ಇಲ್ಲ. ಗಾಡಿ ಹಳೆಯದು, ಕ್ಯಾಬಿನ್ನಿನಲ್ಲಿ ಎಸಿ ಇಲ್ಲ. 2025ರಿಂದ ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ, ಒಳ್ಳೆಯದು. ಆದರೆ ಏಪ್ರಿಲ್‌ನಲ್ಲಿ ಸಿರಾ ದಾಟುವಾಗ ಹಳೇ ಗಾಡಿಯಲ್ಲಿ ಕೂತವನಿಗೆ ಅದರಿಂದ ಏನು ಬಂತು?

ಆದರೆ ಒಂದು ರಾತ್ರಿಯ ವಿಷಯ ಹೇಳಲೇಬೇಕು. ನಮ್ಮದೇ ಓನರ್‌ನ ಇನ್ನೊಂದು ಗಾಡಿಗೆ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಅಪಘಾತ ಆಯಿತು. ಗಬ್ಬೂರಿನಿಂದ ನರೇಂದ್ರದವರೆಗಿನ ಆ ರಸ್ತೆ ಗೊತ್ತಿದ್ದವರಿಗೆ ಗೊತ್ತು. ಸುತ್ತ ಆರು ಲೇನ್, ನಾಲ್ಕು ಲೇನ್ ಆದರೂ ಅದು ಮಾತ್ರ ವರ್ಷಗಟ್ಟಲೆ ಎರಡೇ ಲೇನಿನಲ್ಲಿ ಇತ್ತು. ಎದುರಿನಿಂದ ಬಂದ ವಾಹನದ್ದೇ ತಪ್ಪು, ಆದರೂ ಜನ ಸೇರಿ ಹೊಡೆಯಲು ಬಂದರು. ದೊಡ್ಡ ಗಾಡಿಯವನದ್ದೇ ತಪ್ಪು ಅನ್ನುವುದು ನಮ್ಮ ದೇಶದ ಬರೆಯದ ಕಾನೂನು. ಡ್ರೈವರ್ ಸ್ಟೇಷನ್ನಿಗೆ ಓಡಿ ಹೋದ. ಬೆಳಗಾಗುವ ಮುಂಚೆ ಓನರ್ ಅಲ್ಲಿದ್ದರು, ಜೊತೆಗೆ ವಕೀಲರು. ಜಾಮೀನು ಆಗುವವರೆಗೆ ಅವನನ್ನು ಬಿಟ್ಟು ಕದಲಲಿಲ್ಲ. ಕೇಸ್ ನಡೆಯುವಾಗಲೂ ಕೋರ್ಟಿನ ದಿನ ಅವನಿಗೆ ಬಾಟಾ ಕೊಡುತ್ತಾರೆ. ನಾನು ಸಂಬಳ ಜಾಸ್ತಿ ಅಂತ ಬೇರೆ ಕಡೆ ಹೋಗದೇ ಇರುವುದಕ್ಕೆ ಇದೊಂದು ಕಾರಣ ಸಾಕು.

2024ರ ಜನವರಿಯಲ್ಲಿ ದೇಶದ ತುಂಬ ಲಾರಿಗಳು ನಿಂತದ್ದು ನಿಮಗೆ ನೆನಪಿರಬಹುದು. ಅಪಘಾತ ಮಾಡಿ ಪೊಲೀಸರಿಗೆ ತಿಳಿಸದೆ ಓಡಿದರೆ ಹತ್ತು ವರ್ಷದವರೆಗೆ ಜೈಲು ಎನ್ನುವ ಹೊಸ ಕಾನೂನಿಗೆ ವಿರೋಧ. ಆ ಜುಲೈನಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪ ಸೆಕ್ಷನ್ ಮಾತ್ರ ತಡೆಹಿಡಿದರು. ಓಡುವುದು ಸರಿ ಅಂತ ನಾವು ಹೇಳಲಿಲ್ಲ. ನಿಂತರೆ ಜನ ಕೊಲ್ಲುತ್ತಾರೆ, ಓಡಿದರೆ ಸರ್ಕಾರ ಜೈಲಿಗೆ ಹಾಕುತ್ತದೆ, ಫೋನ್ ಮಾಡಿದರೆ ಓನರ್ ಎತ್ತುವುದಿಲ್ಲ. ಹೀಗಿರುವಾಗ ಹೊಸ ಹುಡುಗ ಯಾಕೆ ಬರುತ್ತಾನೆ ಹೇಳಿ. ಹೆಣ್ಣು ಕೊಡುವವರೂ ಇದನ್ನೇ ಯೋಚಿಸುತ್ತಾರೆ.

ಆದರೂ ನನ್ನ ತಂಗಿಯ ಮಗನಿಗೆ ಲಾರಿ ಹುಚ್ಚು. ಈಗ ಬೆಂಗಳೂರಿನಲ್ಲಿ ಸಣ್ಣ ಗಾಡಿ ಓಡಿಸುತ್ತಾನೆ. ‘ಮಾವ, ಹೆವಿ ಮಾಡಿಸ್ತೀನಿ, ನಿಮ್ಮ ಲೈನಿಗೆ ಬರ್ತೀನಿ’ ಎಂದು ಹಬ್ಬಕ್ಕೆ ಬಂದಾಗ ಹಿಡಿದುಕೊಂಡ. ನನ್ನ ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು, ಬೇಡ ಅನ್ನು ಅಂತ. ನಾನು ಬೇಡ ಅನ್ನಲಿಲ್ಲ. ಎಲ್‌ಎಂವಿ, ಅಂದರೆ ಸಣ್ಣ ಗಾಡಿಯ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗಿರಬೇಕು, ಅದು ಅವನಿಗೆ ಆಗಿದೆ. ‘ಮಾಡಿಸು’ ಎಂದೆ. ‘ಆದರೆ ಕೆಲಸಕ್ಕೆ ಸೇರುವ ಮುಂಚೆ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬಾ. ಟೈರ್ ನೋಡು, ಸ್ಟೆಪ್ನಿ ನೋಡು, ತಾಡಪಾಲು ನೋಡು. ಆಮೇಲೆ ಓನರ್ ಮುಖ ನೋಡು.’

ಇನ್ಶೂರೆನ್ಸ್ ಕಾಗದ ಕೇಳು ಅಂದೆ. ಓನರ್‌ಗಳು ಇದನ್ನು ಕೇಳಿದರೆ ಹುಬ್ಬು ಗಂಟಿಕ್ಕುತ್ತಾರೆ, ಆದರೂ ಕೇಳು. ಪಾಲಿಸಿಯಲ್ಲಿ ‘ಪೇಯ್ಡ್ ಡ್ರೈವರ್’ ಎಂದು ಒಂದು ಸಾಲು ಇರುತ್ತದೆ. ಅದಕ್ಕೆ ಕಟ್ಟುವ ದುಡ್ಡು ತಲೆಗೆ ವರ್ಷಕ್ಕೆ 50 ರೂಪಾಯಿ. ಎರಡು ಟೀ, ಎರಡು ಬನ್ನಿನ ದುಡ್ಡು. ಆ 50 ರೂಪಾಯಿಯನ್ನೂ ಉಳಿಸುವ ಓನರ್, ನಾಳೆ ನೀನು ಆಸ್ಪತ್ರೆಯಲ್ಲಿ ಬಿದ್ದರೆ ಏನು ಮಾಡುತ್ತಾನೆ ಅಂತ ಆ ಕಾಗದದಲ್ಲೇ ಬರೆದಿರುತ್ತದೆ. ಕೆಲಸದ ಮೇಲಿದ್ದಾಗ ಡ್ರೈವರ್ ಸತ್ತರೆ, ಕೈಕಾಲು ಹೋದರೆ ಮಾಲೀಕ ಪರಿಹಾರ ಕೊಡಬೇಕು ಎನ್ನುವುದು 1923ರಲ್ಲೇ, ಬ್ರಿಟಿಷರ ಕಾಲದಲ್ಲೇ ಬಂದ ನಿಯಮ. ಇದು ಗೊತ್ತಿಲ್ಲದ ಡ್ರೈವರ್‌ಗಳನ್ನು ಈಗಲೂ ನಾನು ಧಾಬಾಗಳಲ್ಲಿ ನೋಡುತ್ತೇನೆ.

ಒರಿಜಿನಲ್ ಲೈಸೆನ್ಸ್ ಕೊಡಬೇಡ ಅಂದೆ. ಡಿಜಿಲಾಕರ್‌ನಲ್ಲಿ ಇದ್ದರೆ ರಸ್ತೆಯಲ್ಲಿ ಪೊಲೀಸರು ಒಪ್ಪಬೇಕು ನಿಜ, ಆದರೆ ಕಾರ್ಡು ಬೀರುವಿನಲ್ಲಿ ಇಟ್ಟುಕೊಳ್ಳುವವನ ಮನಸ್ಸು ಬೇರೆಯೇ ಇರುತ್ತದೆ. ಹಿಂದಿನ ಡ್ರೈವರ್ ಯಾಕೆ ಬಿಟ್ಟ ಅಂತ ಕೇಳು. ಅವನ ನಂಬರ್ ಕೊಡಿ ಅನ್ನು. ಕೊಡುವುದಿಲ್ಲ ಅಂದರೆ ಉತ್ತರ ಸಿಕ್ಕಿತು. ಆಸಕ್ತಿ ಇದ್ದರೆ ಮೂರು ದಿನದ ಟ್ರೈನಿಂಗ್ ಮಾಡಿ, ಅಪಾಯಕಾರಿ ಸರಕು ಸಾಗಿಸಬಹುದು ಎಂದು ಲೈಸೆನ್ಸಿನಲ್ಲಿ ಎಂಡಾರ್ಸ್‌ಮೆಂಟ್ ಮಾಡಿಸಿಕೋ. ಟ್ಯಾಂಕರ್ ಕೆಲಸದಲ್ಲಿ ತೈಲ ಕಂಪನಿಗಳ ಕಣ್ಣು ಇರುತ್ತದೆ, ಗಾಡಿ ಸರಿಯಾಗಿ ಇಡಲೇಬೇಕು. ಅಲ್ಲೂ ಕಷ್ಟ ಇದೆ, ಆದರೆ ಲೆಕ್ಕ ಸ್ವಲ್ಪ ನೆಟ್ಟಗೆ ಇರುತ್ತದೆ ಅಂತ ನನ್ನ ಅಂದಾಜು.

ಹುಡುಗ ಕೇಳಿದ, ‘ಇಷ್ಟೆಲ್ಲ ಕೇಳಿದರೆ ಯಾರು ಮಾವ ಕೆಲಸ ಕೊಡ್ತಾರೆ?’ ನಾನೂ ಹಿಂದೆ ಹಾಗೇ ಯೋಚಿಸುತ್ತಿದ್ದೆ. ಆದರೆ ಈಗ ನಿಮ್ಮ ಪತ್ರಿಕೆಯೇ ಬರೆದಿದೆಯಲ್ಲ, ಡ್ರೈವರ್ ಸಿಗುತ್ತಿಲ್ಲ ಅಂತ. ಅಂದರೆ ಕೇಳುವ ಕಾಲ ಬಂದಿದೆ.

ಸರ್ಕಾರದ ಬಗ್ಗೆ ಎರಡು ಮಾತು. ಕಾನೂನು ಇಲ್ಲ ಅಂತಲ್ಲ. 1961ರಲ್ಲೇ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಅದರಲ್ಲಿ ಬರೆದಿತ್ತು. 2025ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಜಾರಿ ಮಾಡಿ ಎಂದು ಹೇಳಿತು. ಅದೇ ವರ್ಷ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಬಂದವು, ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡಬೇಕು ಅನ್ನುತ್ತವೆ. ಲಾರಿ ಡ್ರೈವರ್‌ಗೆ ನೇಮಕಾತಿ ಪತ್ರ! ನಾನು ಇದುವರೆಗೆ ಅಂಥದ್ದನ್ನು ಕಣ್ಣಿಂದ ನೋಡಿಲ್ಲ. ನಮ್ಮ ರಾಜ್ಯದಲ್ಲಿ ಖಾಸಗಿ ವಾಣಿಜ್ಯ ವಾಹನಗಳ ಚಾಲಕರಿಗೆ ಅಪಘಾತ ಪರಿಹಾರ ಯೋಜನೆ ಇದೆ. ಡ್ರೈವರ್ ಅಪಘಾತದಲ್ಲಿ ಸತ್ತರೆ ಮನೆಯವರಿಗೆ 5 ಲಕ್ಷ ರೂಪಾಯಿ. ಒಳ್ಳೆಯ ಯೋಜನೆ. ಆದರೆ ಎಷ್ಟು ಮನೆಯವರಿಗೆ ಗೊತ್ತು? ಡ್ರೈವರ್‌ನ ಹೆಂಡತಿಗೆ ಗೊತ್ತಿರಬೇಕು, ಯಾಕೆಂದರೆ ಅರ್ಜಿ ಹಾಕುವವಳು ಅವಳು. ಸರ್ಕಾರ ಹೈವೇ ಪಕ್ಕ ದೊಡ್ಡ ಬೋರ್ಡು ಹಾಕಿಸುವ ಬದಲು ಕಾರ್ಮಿಕ ಇಲಾಖೆಯವರನ್ನು ನಮ್ಮ ಊರುಗಳಿಗೆ ಕಳಿಸಲಿ.

ಟ್ರಕ್ ಟರ್ಮಿನಲ್ ವಿಷಯವೂ ಅಷ್ಟೇ. ದೇವರಾಜ ಅರಸು ಹೆಸರಿನಲ್ಲಿ ಸರ್ಕಾರಿ ಕಂಪನಿಯೇ ಇದೆ, ಯಶವಂತಪುರ, ಮೈಸೂರು, ಧಾರವಾಡದಲ್ಲಿ ಟರ್ಮಿನಲ್‌ಗಳಿವೆ. ಇಷ್ಟು ದೊಡ್ಡ ರಾಜ್ಯಕ್ಕೆ ಅವು ಯಾವ ಮೂಲೆಗೆ?

ಈ ಕಾಗದ ಕಳಿಸುವ ಮುಂಚೆ ನಮ್ಮ ಓನರ್‌ಗೆ ಓದಿ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, ‘ಎಲ್ಲ ಓನರ್ ಮೇಲೇ ಹಾಕಿದ್ದೀಯಲ್ಲೋ. ಬಾಡಿಗೆ ದುಡ್ಡು ಕಂಪನಿಯವರು ಮೂರು ತಿಂಗಳಾದರೂ ಕೊಡಲ್ಲ, ಡೀಸೆಲ್ ನಾನು ಇವತ್ತೇ ಹಾಕಿಸಬೇಕು, ಟೋಲ್ ಇವತ್ತೇ ಕಟ್ಟಬೇಕು, ಇಎಂಐ ತಪ್ಪಿದರೆ ಫೈನಾನ್ಸಿನವರು ಬರುತ್ತಾರೆ. ಅದನ್ನೂ ಬರಿ’ ಎಂದರು. ನ್ಯಾಯದ ಮಾತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ತೆರಿಗೆ ಏರಿದ ಮೇಲೆ ಲಾರಿ ಮಾಲೀಕರು ಮುಷ್ಕರ ಮಾಡಿದ್ದು ಸುಮ್ಮನೆ ಅಲ್ಲ. ಮಾಲು ಕಳಿಸುವ ದೊಡ್ಡ ಕಂಪನಿ ಓನರ್ ದುಡ್ಡು ಹಿಡಿದುಕೊಳ್ಳುತ್ತದೆ, ಓನರ್ ಡ್ರೈವರ್ ದುಡ್ಡು ಹಿಡಿದುಕೊಳ್ಳುತ್ತಾನೆ. ಡ್ರೈವರ್ ಯಾರ ದುಡ್ಡು ಹಿಡಿಯಬೇಕು? ಕ್ಲೀನರ್ ಇದ್ದ ಕಾಲದಲ್ಲಿ ಅವನದ್ದು ಹಿಡಿಯುತ್ತಿದ್ದೆವು. ಈಗ ಖರ್ಚು ಉಳಿಸಲು ಕ್ಲೀನರ್‌ನೂ ತೆಗೆದಿದ್ದಾರೆ.

ಕೊನೆಗೆ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ‘ಹೆವಿ ಡ್ರೈವರ್ ಬೇಕಾಗಿದ್ದಾರೆ, ಆಕರ್ಷಕ ಸಂಬಳ’ ಎಂದು ಬರುತ್ತದೆ. ಕೆಳಗೆ ಒಂದು ಮೊಬೈಲ್ ನಂಬರ್, ಅಷ್ಟೇ. ಆಕರ್ಷಕ ಅಂದರೆ ಎಷ್ಟು? ಸಂಬಳ ಎಷ್ಟು, ಬಾಟಾ ಎಷ್ಟು, ಯಾವ ಲೈನು, ಲೀಟರಿಗೆ ಎಷ್ಟು ಕಿಲೋಮೀಟರ್ ಲೆಕ್ಕ, ಹಾಲ್ಟಿಂಗ್‌ನಲ್ಲಿ ಪಾಲು ಇದೆಯೋ ಇಲ್ಲವೋ, ಇಷ್ಟು ಬರೆದರೆ ಮಾತ್ರ ಹಾಕುತ್ತೇವೆ ಎಂದು ನಿಮ್ಮ ಜಾಹೀರಾತು ವಿಭಾಗದವರು ಹೇಳಲಿ. ಎರಡು ಸಾಲು ಜಾಸ್ತಿ ಆಗುತ್ತದೆ, ಅದರ ದುಡ್ಡು ನಿಮಗೇ ಬರುತ್ತದೆ. ನಮ್ಮ ಓನರ್ ಮೊದಲನೆಯದು ಕೊಡಲು ತಯಾರಿದ್ದಾರೆ. ಹೊಸ ಗಾಡಿಯೊಂದು ಬರುತ್ತಿದೆ, ಅದಕ್ಕೊಬ್ಬ ಡ್ರೈವರ್ ಬೇಕು.

ಇಂತಿ,
ಒಬ್ಬ ಲಾರಿ ಚಾಲಕ
ಕೂಡ್ಲಿಗಿ ತಾಲ್ಲೂಕು, ವಿಜಯನಗರ ಜಿಲ್ಲೆ